ಚರಗದ ಹೊಲದಲ್ಲಿ ಆರನೆಯ ಕಲ್ಲು

ಐದು ಕಲ್ಲಿಗೆ ಸುಣ್ಣ ಬಳಿದಿದ್ದರು. ಆರನೆಯದಕ್ಕೆ ಇರಲಿಲ್ಲ. ಐದೂ ಬನ್ನಿಗಿಡದ ಬುಡದಲ್ಲಿ ಸಾಲಾಗಿ ಕೂತಿದ್ದವು. ಒಂದೊಂದಕ್ಕೂ ಅರಿಶಿನ, ಕುಂಕುಮ, ಚೆಂಡುಹೂವು. ಆರನೆಯದು ಅವುಗಳ ಬೆನ್ನ ಹಿಂದೆ, ಗೇಣುದ್ದ ದೂರದಲ್ಲಿ, ಬರಿಯ ಕಲ್ಲಾಗಿಯೇ ಇತ್ತು. ಕುಂಕುಮವೇನೋ ಅದಕ್ಕೂ ಬಿದ್ದಿತ್ತು. ಆದರೆ ಕೊನೆಗೆ ನೆನಪಾಗಿ ಇಟ್ಟ ಹಾಗೆ, ಓರೆಯಾಗಿ.

‘ಮುಂದಿನವ್ರು ಪಾಂಡವರ್ರಿ. ಹಿಂದಿನಾಂವ ಕರ್ಣ’ ಎಂದರು ಆ ಹೊಲದ ಹಿರಿಯರು. ‘ಕೆಲವು ಕಡಿ ಕಳ್ಳ ಅಂತಾರ. ನಾವು ಹಂಗ ಅನ್ನಂಗಿಲ್ಲ.’

ಎಳ್ಳಮವಾಸ್ಯೆ ಉತ್ತರ ಕರ್ನಾಟಕದವರಿಗೆ ಹೊಸದಲ್ಲ. ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದು, ಚರಗ ಚೆಲ್ಲುವುದು, ಹೊಟ್ಟೆ ಬಿರಿಯ ಉಂಡು ಸಂಜೆಗೆ ಮರಳುವುದು ಎಲ್ಲರಿಗೂ ಗೊತ್ತಿದ್ದದ್ದೇ. ನಾನೂ ಪತ್ರಿಕೆಗಳಲ್ಲಿ ಓದಿಯೇ ಇದ್ದೆ. ಆದರೆ ಐವರು ಪಾಂಡವರ ಹಬ್ಬದೂಟಕ್ಕೆ ಆರನೆಯವನನ್ನೂ ಕರೆದು, ಕರೆದ ಮೇಲೆ ಹಿಂದೆ ಕೂರಿಸುವ ಈ ಪದ್ಧತಿಯನ್ನು ಕಣ್ಣಾರೆ ಕಂಡದ್ದು 2024ರ ಡಿಸೆಂಬರ್ 30ರ ಸೋಮವಾರ, ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಒಂದು ಎರೆ ಹೊಲದಲ್ಲಿ. ಆ ಕಲ್ಲು ಇನ್ನೂ ನನ್ನ ತಲೆಯಿಂದ ಇಳಿದಿಲ್ಲ.

ಆ ದಿನ ಆಳಂದದ ರಸ್ತೆಯಲ್ಲಿ ಎದುರು ಸಿಕ್ಕಿದ್ದೆಲ್ಲ ಊಟವೇ. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ತಾಡಪತ್ರಿ ಹಾಸಿ ಕೂತ ಹೆಣ್ಣುಮಕ್ಕಳ ತೊಡೆಯ ಮೇಲೆ ಬಿಳಿ ಅರಿವೆ ಕಟ್ಟಿದ ಬುಟ್ಟಿ. ಮೋಟಾರ್ ಸೈಕಲ್ಲಿನ ಗಂಡ ಹೆಂಡತಿಯ ನಡುವೆ ಮಗು, ಮಗುವಿನ ಕೈಯಲ್ಲಿ ಸ್ಟೀಲ್ ಡಬ್ಬಿ. ಪುಣೆ, ಮುಂಬೈ ನಂಬರಿನ ಕಾರುಗಳ ಹಿಂದಿನ ಸೀಟಿನಲ್ಲಿ ಹಂಡೆ. ಎತ್ತಿನ ಬಂಡಿಗಳೂ ಇದ್ದವು. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ. ಅವುಗಳ ಹಿಂದೆ ಕಾರಿನವರು ಹಾರ್ನ್ ಹೊಡೆಯದೆ ನಿಧಾನವಾಗಿ ಸಾಗುತ್ತಿದ್ದರು. ಈ ಸೌಜನ್ಯ ಆ ರಸ್ತೆಯಲ್ಲಿ ವರ್ಷಕ್ಕೊಮ್ಮೆ ಮಾತ್ರ ಕಾಣುವಂಥದ್ದು ಎಂದು ಜೊತೆಗಿದ್ದ ಗೆಳೆಯರು ನಕ್ಕರು.

ನನ್ನನ್ನು ಕರೆದಿದ್ದ ಮನೆಯವರು ಮೂವರು ಅಣ್ಣತಮ್ಮಂದಿರು. ಹೊಲ ಎಂದೋ ಪಾಲಾಗಿದೆ. ಬದು ಬಿದ್ದಿದೆ, ಉತಾರವೂ ಬೇರೆ ಬೇರೆ. ಬನ್ನಿಗಿಡ ಮಾತ್ರ ಯಾರ ಪಾಲಿಗೂ ಹೋಗಿಲ್ಲ. ಅದರ ಸುತ್ತಲಿನ ತುಸು ನೆಲವನ್ನು ಹಂಚುವ ಮಾತನ್ನೇ ಯಾರೂ ಎತ್ತಲಿಲ್ಲವಂತೆ. ಮೂರು ಮನೆಯ ಮೂರು ಬುಟ್ಟಿಗಳು ಅಲ್ಲಿಗೆ ಬಂದು ಇಳಿದವು. ಒಂದರಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಇನ್ನೊಂದರಲ್ಲಿ ಶೇಂಗಾ ಹೋಳಿಗೆ, ಮತ್ತೊಂದರಲ್ಲಿ ಕಡುಬು. ಎಣ್ಣೆಗಾಯಿ, ಪುಂಡಿಪಲ್ಯ, ಅಗಸಿ ಹಿಂಡಿ ಮೂರರಲ್ಲೂ ಇದ್ದವು. ಯಾರ ಕೈಯ ಎಣ್ಣೆಗಾಯಿ ಹೆಚ್ಚು ರುಚಿ ಎಂಬ ಚರ್ಚೆ ಮುಗಿಯಲಿಲ್ಲ, ಮುಗಿಯಲೆಂದು ಯಾರೂ ಬಯಸಲೂ ಇಲ್ಲ.

ಇನ್ನು ಭಜ್ಜಿ. ಬೀದರ್, ಕಲಬುರಗಿಯವರಿಗೆ ಇದಿಲ್ಲದೆ ಎಳ್ಳಮವಾಸ್ಯೆಯೇ ಇಲ್ಲ. ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಬಟಾಣಿ, ಶೇಂಗಾ, ಮೆಂತ್ಯ, ಪಾಲಕ್, ಗಜ್ಜರಿ, ಬದನೆ ಹೀಗೆ ಆ ಹೊತ್ತಿಗೆ ಹೊಲದಲ್ಲಿ, ಸಂತೆಯಲ್ಲಿ ಸಿಕ್ಕಿದ್ದನ್ನೆಲ್ಲ ಒಂದೇ ಪಾತ್ರೆಯಲ್ಲಿ ಬೇಯಿಸಿ, ಹುಣಸೆಹುಳಿ ಹಿಂಡಿ, ಕಡಲೆಹಿಟ್ಟು ಕಲಸಿ ಬಿಟ್ಟು, ಹಸಿಮೆಣಸಿನಕಾಯಿ ಬೆಳ್ಳುಳ್ಳಿಯ ಒಗ್ಗರಣೆ ಕೊಡುತ್ತಾರೆ. ಡಿಸೆಂಬರ್ ತಿಂಗಳ ಎರೆ ಭೂಮಿ ಏನೇನು ಕೊಡಬಲ್ಲದು ಎಂಬುದರ ಪೂರ್ತಿ ಪಟ್ಟಿ ಈ ಪಾತ್ರೆಯಲ್ಲಿರುತ್ತದೆ. ಬಿಸಿ ಇರುವಾಗ ಸಾಧಾರಣ. ಹೊಲದಲ್ಲಿ ತಣ್ಣಗಾಗಿ ಗಟ್ಟಿಯಾದ ಮೇಲೆ ಅದರ ನಿಜವಾದ ರುಚಿ ಎದ್ದು ಬರುತ್ತದೆ. ನನ್ನ ಮಟ್ಟಿಗೆ ಹೋಳಿಗೆಯನ್ನು ಬೇಕಾದರೆ ಬಿಟ್ಟೇನು, ಭಜ್ಜಿ ಬಿಡೆ.

ಇದನ್ನು ರಜೆಯ ದಿನ ಎನ್ನುವವರು ಒಲೆಯ ಮುಂದೆ ಕೂತವರನ್ನು ಕೇಳಬೇಕು. ಭಜ್ಜಿಯ ಕಾಳು ಬಿಡಿಸುವ ಕೆಲಸ ಹಿಂದಿನ ದಿನ ಮಧ್ಯಾಹ್ನವೇ ಶುರುವಾಗಿತ್ತು. ರೊಟ್ಟಿ ಬಡಿಯಲು ಬೆಳಗಿನ ನಾಲ್ಕಕ್ಕೆ ಎದ್ದಿದ್ದರು. ‘ಹಬ್ಬ ಅವ್ರಿಗ್ರಿ, ನಮಗ ಹೊಲಾ ನೋಡೋದು ಅಷ್ಟ’ ಎಂದರು ನಡುವಿನ ಸೊಸೆ. ಅತ್ತೆ ಕೇಳಿಸಿಕೊಂಡೂ ಕೇಳದಂತೆ ರೊಟ್ಟಿ ಎಣಿಸುತ್ತಿದ್ದರು.

ಪೂಜೆ ಮುಗಿದದ್ದೇ ಚರಗ. ಮಾಡಿದ್ದರಲ್ಲೆಲ್ಲ ಒಂದಿಷ್ಟು ಮುರಿದು ಕಲಸಿದ ಬುಟ್ಟಿಯನ್ನು ಹಿರಿಯರು ಎತ್ತಿಕೊಂಡರು. ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ಬೆಳೆಯ ನಡುವೆ ಹೆಜ್ಜೆಹೆಜ್ಜೆಗೂ ಚೆಲ್ಲಿದರು. ಕೂಗಿನ ಮುಂದಿನ ತುಂಡು ಊರಿಂದೂರಿಗೆ ಬೇರೆ. ಅವರ ಹಿಂದೆ ಪುಣೆಯಿಂದ ಬಂದಿದ್ದ ಮೊಮ್ಮಗ ತಂಬಿಗೆಯಿಂದ ನೀರು ಚಿಮುಕಿಸುತ್ತ ನಡೆದ. ಎದೆಮಟ್ಟದ ಜೋಳದೊಳಗೆ ಹುಡುಗ ಮುಳುಗಿ ಹೋದ, ಅವನ ಕೂಗಷ್ಟೇ ಕೇಳುತ್ತಿತ್ತು. ಉಳಿದ ಮಕ್ಕಳು ಅಷ್ಟರಲ್ಲಿ ಕಡಲೆ ಹೊಲಕ್ಕೆ ದಾಳಿಯಿಟ್ಟಾಗಿತ್ತು. ಸುಲಗಾಯಿ ಕಿತ್ತು ತಿನ್ನುವುದಕ್ಕಿಂತ ಬೆರಳು ನೆಕ್ಕುವುದೇ ಅವರಿಗೆ ಆಟ. ಕಡಲೆ ಗಿಡದ ಎಲೆಯ ಮೇಲೆಲ್ಲ ಸಣ್ಣ ರೋಮಗಳು ಹುಳಿ ಒಸರುತ್ತವೆ, ಮುಟ್ಟಿದ ಕೈ ಉಪ್ಪುಹುಳಿ. ಹಿಂದೆ ರಾತ್ರಿ ಹೊಲದ ಮೇಲೆ ತೆಳು ಬಟ್ಟೆ ಹಾಸಿ, ಬೆಳಗ್ಗೆ ಇಬ್ಬನಿಯ ಜೊತೆ ಆ ಹುಳಿಯನ್ನು ಹಿಂಡಿ ಹೊಟ್ಟೆನೋವಿನ ಔಷಧಕ್ಕೆ ಇಟ್ಟುಕೊಳ್ಳುತ್ತಿದ್ದರು.

ಚರಗ ಚೆಲ್ಲುವುದು ಭೂಮಿಯ ಸೀಮಂತಕ್ಕೆ ಎನ್ನುತ್ತಾರೆ. ತೆನೆ ಹೊತ್ತ ಪೈರು ಗರ್ಭಿಣಿ, ಅವಳ ಬಯಕೆ ತೀರಿಸಬೇಕು. ಧಾರವಾಡ, ಹಾವೇರಿ ಕಡೆ ಇದನ್ನೇ ಸೀಗಿ ಹುಣ್ಣಿಮೆಗೆ ಮಾಡುತ್ತಾರೆ. ಮಲೆನಾಡಿನಲ್ಲಿ ಅದೇ ಹುಣ್ಣಿಮೆ ಭೂಮಿ ಹುಣ್ಣಿಮೆ. ದೀವರ ಹೆಣ್ಣುಮಕ್ಕಳು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಊಟ ಹೊತ್ತು ಗದ್ದೆಗೆ ಹೋಗುತ್ತಾರೆ. ಮುಂಗಾರಿನ ಭತ್ತ ಆಶ್ವೀಜಕ್ಕೆ ಹೊಡೆ ತುಂಬಿದರೆ, ಹಿಂಗಾರಿನ ಬಿಳಿಜೋಳಕ್ಕೆ ಮಾರ್ಗಶಿರ ಬೇಕು. ಪೈರು ಯಾವಾಗ ತುಂಬುತ್ತದೋ ಆವಾಗ ಹಬ್ಬ.

ಈಚೆಗೆ ಇದಕ್ಕೊಂದು ವೈಜ್ಞಾನಿಕ ವಿವರಣೆಯೂ ಅಂಟಿಕೊಂಡಿದೆ. ಚೆಲ್ಲಿದ ಅನ್ನಕ್ಕೆ ಹಕ್ಕಿ ಬರುತ್ತವೆ, ಬಂದ ಹಕ್ಕಿ ತೊಗರಿ ಕಡಲೆಯ ಕಾಯಿಕೊರಕ ಹುಳುಗಳನ್ನು ಹೆಕ್ಕುತ್ತವೆ ಎಂದು. ಹಕ್ಕಿ ಹುಳು ತಿನ್ನುವುದು ಸುಳ್ಳಲ್ಲ. ಹಕ್ಕಿ ಕೂರಲು ಹೊಲದಲ್ಲಿ ಕವಲುಕಡ್ಡಿ ನೆಡಿ ಎಂದು ಕೃಷಿ ಇಲಾಖೆಯವರೂ ಹೇಳುತ್ತಾರೆ. ಆದರೆ ವರ್ಷಕ್ಕೊಂದು ದಿನದ ಚರಗದಿಂದ ಕಾಯಿಕೊರಕ ಹತೋಟಿಗೆ ಬಂದೀತೆಂದು ನನಗೆ ನಂಬಿಕೆ ಬರುವುದಿಲ್ಲ. 2022ರಲ್ಲಿ ನೆಟೆ ರೋಗಕ್ಕೆ ಈ ಭಾಗದ ತೊಗರಿ ಹೊಲಗಟ್ಟಲೆ ಒಣಗಿ ನಿಂತಿತ್ತು. ಆ ಡಿಸೆಂಬರಿನಲ್ಲೂ ಈ ಮನೆಯವರು ಚರಗ ಚೆಲ್ಲಿದ್ದರು. ಒಣಗಿದ ಬೆಳೆಗೆ ಯಾಕೆ ಎಂದರೆ, ‘ಬಾಣಂತಿ ಬ್ಯಾನಿ ಬಿದ್ದಾಳಂತ ಊಟಾ ಬಿಡಸ್ತೀವೇನ್ರಿ?’ ಎಂದರು ಹಿರಿಯರು. ಹುಳುವಿನ ಲೆಕ್ಕಕ್ಕಿಂತ ಈ ಮಾತು ನನಗೆ ಹೆಚ್ಚು ಒಪ್ಪಿಗೆ.

ಮತ್ತೆ ಆ ಕಲ್ಲಿಗೆ ಬರುತ್ತೇನೆ. ಕರ್ಣ ಯಾಕೆ?

ಜಾನಪದದ ವಿದ್ವಾಂಸರನ್ನು ಕೇಳಿದರೆ, ಹೊಲದ ಕಲ್ಲುಗಳು ಮಹಾಭಾರತಕ್ಕಿಂತ ಹಳೆಯವು, ಪಾಂಡವರು ಆಮೇಲೆ ಬಂದು ಸೇರಿಕೊಂಡವರು ಎಂದಾರು. ಇರಬಹುದು. ಆದರೂ ಐದು ಹೆಸರು ಸಿಕ್ಕ ಮೇಲೆ ಆರನೆಯ ಕಲ್ಲನ್ನು ಬದುವಿಗೆ ಎಸೆಯಬಹುದಿತ್ತು. ಎಸೆಯದೆ ಅದಕ್ಕೂ ಒಬ್ಬನನ್ನು ಹುಡುಕಿದ್ದಾರೆ, ಸರಿಯಾದವನನ್ನೇ ಹುಡುಕಿದ್ದಾರೆ. ಪಂಪನಿಂದ ಕುಮಾರವ್ಯಾಸನವರೆಗೆ ಕನ್ನಡದ ಕವಿಗಳಿಗೆ ಕರ್ಣನೆಂದರೆ ಕರುಳು ಚುರುಕ್ ಎನ್ನುತ್ತದೆ. ಹೊಲದ ಪೂಜೆ ಮಾಡುವವರಿಗೂ ಅದೇ ಕರುಳು ಇದ್ದರೆ ಆಶ್ಚರ್ಯವಿಲ್ಲ.

ನನ್ನನ್ನು ಹೆಚ್ಚು ಹಿಡಿದದ್ದು ದಿನ. ಕುಂತಿ ತನ್ನ ಮೊದಲ ಮಗನ ಗುಟ್ಟನ್ನು ಉಳಿದ ಮಕ್ಕಳಿಗೆ ಹೇಳುವುದು ಯುದ್ಧವೆಲ್ಲ ಮುಗಿದು, ಗಂಗೆಯ ದಡದಲ್ಲಿ ಸತ್ತವರಿಗೆ ನೀರು ಬಿಡುವಾಗ. ಅವನೂ ನಿಮ್ಮ ಅಣ್ಣ, ಅವನಿಗೂ ನೀರು ಬಿಡಿ ಎಂದು. ಅಮಾವಾಸ್ಯೆ ಹಿರಿಯರಿಗೆ ತರ್ಪಣದ ದಿನ, ಎಳ್ಳು ತರ್ಪಣದ ಕಾಳು. ಆ ದಿನವೇ ಅನ್ನ ಚೆಲ್ಲಿ, ಬೆನ್ನಿಗೇ ನೀರು ಚಿಮುಕಿಸುತ್ತ ಹೋಗುತ್ತಾರೆ, ಆ ದಿನವೇ ಆರನೆಯವನಿಗೂ ಪೂಜೆ. ಎರಡಕ್ಕೂ ನಂಟಿದೆ ಎಂದು ಸಾಧಿಸಲು ನನ್ನ ಬಳಿ ಆಧಾರವಿಲ್ಲ. ಆದರೆ ಅಲ್ಲಿ ನಿಂತು ನೋಡಿದವರಿಗೆ ಹಾಗೆ ಅನ್ನಿಸದೆ ಇರದು. ಎಲ್ಲರಿಗಿಂತ ದೊಡ್ಡವನು, ಲೆಕ್ಕಕ್ಕೆ ಸಿಗದವನು. ಅನ್ನ ಕೊಡಬೇಕು, ಸಾಲಿಗೆ ಸೇರಿಸಬಾರದು.

ಇಷ್ಟಾದ ಮೇಲೆ ಊಟಕ್ಕೆ ಕೂತವರನ್ನು ಬೇರೆ ಕಣ್ಣಿನಿಂದ ನೋಡುವಂತಾಯಿತು. ‘ಎಳ್ಳಮಾಸಿ ದಿನ ಹೊಲಕ್ಕ ಬಂದವ್ರಿಗಿ ಯಾರು ಏನಂತ ಕೇಳಂಗಿಲ್ಲ, ಕುಂದರ್ರಿ’ ಎಂದೇ ನನ್ನನ್ನು ಕೂರಿಸಿದ್ದರು. ನಿಜ, ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಅಪರಿಚಿತರನ್ನು ಕೂಗಿ ಕರೆದು ಉಣ್ಣಿಸಿದರು. ಪಟ್ಟಣದ ಗೆಳೆಯರು, ಮಗಳ ಸಹೋದ್ಯೋಗಿಗಳು, ಹೊಲವಿಲ್ಲದ ಬೀಗರು ಎಲ್ಲರೂ ಬಂದಿದ್ದರು. ಮೂವರು ಅಣ್ಣತಮ್ಮಂದಿರಲ್ಲಿ ಇಬ್ಬರು ಬದುವಿನ ಜಗಳದಲ್ಲಿ ಮಾತು ಬಿಟ್ಟವರಂತೆ. ಅಂದು ಒಬ್ಬರ ತಾಟಿಗೆ ಇನ್ನೊಬ್ಬರು ಹೋಳಿಗೆ ಹಾಕಿದರು. ಮಾತಾಡಿದ್ದನ್ನು ನಾನು ಕಾಣಲಿಲ್ಲ. ವರ್ಷವಿಡೀ ಹೊಲದಲ್ಲಿ ಕಳೆ ತೆಗೆದ ಕೂಲಿಯ ಕುಟುಂಬವೂ ಬಂದಿತ್ತು. ಅವರಿಗೂ ಅದೇ ಭಜ್ಜಿ, ಅದೇ ಕಡುಬು, ಕಟ್ಟಿಕೊಟ್ಟ ಬುತ್ತಿಯಂತೂ ಇನ್ನೂ ದೊಡ್ಡದು. ಆದರೆ ಅವರ ತಾಡಪತ್ರಿ ಬೇರೆ, ಗಿಡದ ಆಚೆ ಬದಿಗೆ. ಅಲ್ಲೇ ಕೂರಿ ಎಂದು ಯಾರೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಎಳ್ಳಮವಾಸ್ಯೆ ಎಲ್ಲರನ್ನೂ ಒಂದು ಮಾಡುವ ಹಬ್ಬ ಎಂದು ನಾವು ಪತ್ರಿಕೆಯವರು ಪ್ರತಿ ವರ್ಷ ಬರೆಯುತ್ತೇವೆ. ಎಲ್ಲರಿಗೂ ಉಣ್ಣಿಸುವ ಹಬ್ಬ ಎಂದು ಬರೆದರೆ ಸಾಕು. ಅದೇನೂ ಸಣ್ಣದಲ್ಲ.

ಮಕ್ಕಳಿಗೆ ಮಾತ್ರ ಈ ಗೆರೆಗಳು ಅಂದು ಇರಲಿಲ್ಲ. ಕೂಲಿಯವರ ಹುಡುಗಿಯೇ ಪುಣೆಯ ಹುಡುಗರಿಗೆ ಬಾರಿಹಣ್ಣಿನ ಗಿಡ ಎಲ್ಲಿದೆ ಎಂದು ತೋರಿಸಿದವಳು. ಮುಳ್ಳು ತಾಗದಂತೆ ಕೊಂಬೆ ಜಗ್ಗುವುದು ಹೇಗೆಂದು ಕಲಿಸಿದವಳೂ ಅವಳೇ. ಮಧ್ಯಾಹ್ನ ಅವರೆಲ್ಲ ಒಂದೇ ಗುಂಪು. ಅವಳು ಅಂದು ಶಾಲೆ ತಪ್ಪಿಸಿದ್ದಳು. ಪುಣೆಯ ಹುಡುಗರೂ ಅಷ್ಟೇ.

ಈ ಹಬ್ಬಕ್ಕೆ ಶಾಲೆಗೆ ರಜೆ ಕೊಡುವುದರಲ್ಲಿ ಒಂದು ತೊಡಕಿದೆ. ಚಾಂದ್ರಮಾನ ವರ್ಷ ಕ್ಯಾಲೆಂಡರಿಗಿಂತ ಸುಮಾರು 11 ದಿನ ಗಿಡ್ಡ. ಆ ಕೊರತೆ ತುಂಬಲು ಹೆಚ್ಚುಕಡಿಮೆ ಮೂರು ವರ್ಷಕ್ಕೊಂದರಂತೆ ಅಧಿಕಮಾಸ ಬರುತ್ತದೆ. ಎಳ್ಳಮವಾಸ್ಯೆ ವರ್ಷದ ಅಂಚಿನಲ್ಲಿರುವುದರಿಂದ ಒಮ್ಮೊಮ್ಮೆ ಅಂಚು ದಾಟುತ್ತದೆ. 2022ರಲ್ಲಿ ಅದು ಡಿಸೆಂಬರ್ 23ಕ್ಕೆ ಬಂತು. 2023ರಲ್ಲಿ ಅಧಿಕ ಶ್ರಾವಣ ಬಂದದ್ದರಿಂದ ಆ ಕ್ಯಾಲೆಂಡರಿನಲ್ಲಿ ಎಳ್ಳಮವಾಸ್ಯೆಯೇ ಇಲ್ಲ! 2024ರಲ್ಲಿ ಎರಡು: ಜನವರಿ 11 ಮತ್ತು ಡಿಸೆಂಬರ್ 30. ಜನವರಿಯ ಹಬ್ಬ ಮುಗಿದು ನಾಲ್ಕೇ ದಿನಕ್ಕೆ ಸಂಕ್ರಾಂತಿ. ಎಳ್ಳು ಹುರಿದ ಬಾಣಲೆ ಇಳಿಸುವಷ್ಟರಲ್ಲಿ ಮತ್ತೆ ಎಳ್ಳು. ವರ್ಷದ ಆರಂಭದಲ್ಲೇ ರಜೆಯ ಪಟ್ಟಿ ಅಚ್ಚು ಹಾಕಿಸುವ ಶಾಲೆಯವರಿಗೆ ಇಂಥ ಹಬ್ಬವನ್ನು ಕಂಡರೆ ತಲೆನೋವು.

ಗಡಿಯಾಚೆ ಲಾತೂರಿನಲ್ಲಿ ಇದನ್ನು ವೇಳಾ ಅಮಾವಾಸ್ಯೆ ಎನ್ನುತ್ತಾರೆ. ಅಲ್ಲೂ ಪಾಂಡವರು, ಜೋಳದ ಕಣಿಕೆಯ ಗುಡಿಸಲು, ಭಜ್ಜಿ, ಅಂಬಲಿ. ಅಲ್ಲಿನ ಜಿಲ್ಲಾಡಳಿತ ಸ್ಥಳೀಯ ರಜೆಯನ್ನೇ ಕೊಡುತ್ತದೆ, ಪಟ್ಟಣಕ್ಕೆ ಪಟ್ಟಣವೇ ಖಾಲಿಯಾಗಿ ಹೊಲ ಸೇರುತ್ತದೆ. ನಮ್ಮ ಕಡೆ ಮಾಸ್ತರರು ಶಾಲೆಗೆ ಬಂದು ಖಾಲಿ ಬೆಂಚುಗಳ ಹಾಜರಿ ಹಾಕುವುದಿದೆ. ಆಮೇಲೆ ಅವರನ್ನೂ ಯಾರಾದರೂ ಹೊಲಕ್ಕೆ ಕರೆದೊಯ್ದು ಉಣ್ಣಿಸಿದರೆ ಪ್ರಕರಣ ಮುಕ್ತಾಯ.

ನನ್ನ ಅಭಿಪ್ರಾಯ ಕೇಳಿದರೆ, ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಈ ದಿನಕ್ಕೆ ರಜೆ ಕೊಡುವುದರಲ್ಲಿ ನಷ್ಟವೇನೂ ಇಲ್ಲ. ರೆಸಾರ್ಟಿಗೆ ಹೋಗುವ ಪ್ರವಾಸದಲ್ಲಿ ಮಕ್ಕಳು ಅತಿಥಿಗಳು. ಹೊಲದಲ್ಲಿ ಅವರಿಗೆ ತಂಬಿಗೆ ಹಿಡಿಯುವ ಕೆಲಸವಿರುತ್ತದೆ, ನಂಟರ ಜಗಳವನ್ನೂ ರಾಜಿಯನ್ನೂ ಹತ್ತಿರದಿಂದ ನೋಡುವ ಅವಕಾಶವಿರುತ್ತದೆ, ಹಿಂದೆ ಕೂತವರು ಯಾರು ಎಂದು ಕೇಳುವ ಧೈರ್ಯವೂ ಅವರಿಗೇ ಇರುತ್ತದೆ. ಆ ಪುಣೆಯ ಹುಡುಗ ಕೇಳಿಯೇ ಬಿಟ್ಟಿದ್ದ: ಕರ್ಣ ದೊಡ್ಡವನಾದರೆ ಮುಂದೆ ಯಾಕೆ ಇಟ್ಟಿಲ್ಲ? ಅಜ್ಜ ತುಸು ಯೋಚಿಸಿ, ‘ಮುಂದಿನ ವರ್ಷ ನೀನ ಪೂಜಿ ಮಾಡು, ನಿನಗ ಬೇಕಾದಲ್ಲಿ ಇಡು’ ಎಂದರು. ಆ ಮುಂದಿನ ವರ್ಷದ ಎಳ್ಳಮವಾಸ್ಯೆ ಬಿದ್ದದ್ದು 2025ರ ಡಿಸೆಂಬರ್ 19, ಶುಕ್ರವಾರ. ಶಾಲೆಯವರು ಇನ್ನಾದರೂ ಈ ದಿನವನ್ನು ಮೊದಲೇ ಗುರುತು ಹಾಕಿಕೊಳ್ಳಲಿ.