ಕೊಳೆತದ್ದು ಒಂದು ದಿಮ್ಮಿ, ಕೆಡವುವುದು ಇಡೀ ಮನೆಯೇ?

ಗೋಡೆ ವಾಲಿದೆ. ಬಾಗಿಲು ಬಿಗಿದುಕೊಂಡಿದೆ. ನೆಲದ ಹಲಗೆ ಕಾಲಿಟ್ಟಲ್ಲಿ ಕುಸಿಯುತ್ತದೆ. ಅಮೆರಿಕದ ಹಳ್ಳಿಗಾಡಿನಲ್ಲಿ ಇಂಥ ಹಳೆಯ ಲಾಗ್ ಕ್ಯಾಬಿನ್, ಅಂದರೆ ಮರದ ದಿಮ್ಮಿಗಳ ಮನೆ ಕಂಡರೆ, ‘ಕೆಡವಿಬಿಡಿ’ ಎನ್ನುವವರಿಗೆ ಬರವಿಲ್ಲ. ದುರಸ್ತಿ ಬಲ್ಲ ಬಡಗಿ ಮಾತ್ರ ಮೊದಲು ದಬ್ಬಳ ಹಿಡಿದು ದಿಮ್ಮಿಗಳನ್ನು ಒಂದೊಂದಾಗಿ ಚುಚ್ಚಿ ನೋಡುತ್ತಾನೆ. ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಾನೆ. ಟೊಳ್ಳಾದ ಮರ ಸದ್ದಿನಲ್ಲೇ ಸಿಕ್ಕಿಬೀಳುತ್ತದೆ.

1638ರಿಂದ ಡೆಲವೇರ್ ನದಿಯ ಕಣಿವೆಗೆ ಬಂದು ನೆಲೆಸಿದ ಸ್ವೀಡನ್, ಫಿನ್ಲೆಂಡ್ ಮೂಲದ ಜನ ಈ ಮನೆ ಕಟ್ಟುವ ವಿದ್ಯೆಯನ್ನು ಅಲ್ಲಿಗೆ ತಂದರು. ದಿಮ್ಮಿಯ ತುದಿಗೆ ಕಚ್ಚು ಕೊರೆದು, ಅಡ್ಡ ಬರುವ ದಿಮ್ಮಿಯನ್ನು ಅದರಲ್ಲಿ ಕೂರಿಸುತ್ತ ಹೋದರೆ ಭಾರಕ್ಕೇ ಮೂಲೆ ಬಿಗಿಯುತ್ತದೆ, ಮೊಳೆ ಬೇಕಿಲ್ಲ. ನಡುವಿನ ಸಂದಿಗೆ ಮರದ ಚಕ್ಕೆ, ಕಲ್ಲು ತುರುಕಿ ಮಣ್ಣು ಮೆತ್ತುತ್ತಾರೆ. ಹೀಗೆ ಪೇರಿಸಿದ್ದರಿಂದಲೇ ಕೆಟ್ಟ ದಿಮ್ಮಿಯೊಂದನ್ನೇ ಬದಲಿಸಲೂ ಬರುತ್ತದೆ.

ಕೊಳೆತ ಸಾಮಾನ್ಯವಾಗಿ ಶುರುವಾಗುವುದು ಮೂರು ಕಡೆ: ಮಣ್ಣಿಗೆ ತಾಗಿದ ಬುಡದ ದಿಮ್ಮಿ, ಮಳೆಗೆ ಚಾಚಿಕೊಂಡ ತುದಿ, ಸೋರುವ ಮಾಡಿನ ಕೆಳಗಿನ ಸಾಲು. ಕೆಲವೊಮ್ಮೆ ಹಿಂದಿನ ರಿಪೇರಿಯೇ ರೋಗ. ಸಂದಿಗೆ ಗಟ್ಟಿ ಸಿಮೆಂಟ್ ಮೆತ್ತಿದರೆ, ಮರ ಹಿಗ್ಗಿ ಕುಗ್ಗುವಾಗ ಬಿರುಕು ಬಿಟ್ಟು, ಒಳಹೊಕ್ಕ ನೀರನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ.

ಹಾಗಾಗಿ ಮೊದಲು ಮಾಡು ಸರಿಪಡಿಸಬೇಕು. ಬುಡದ ಮಣ್ಣು ಸರಿಸಿ ನೀರಿಗೆ ದಾರಿ ಮಾಡಬೇಕು. ಆಮೇಲೆ ಗೋಡೆಗೆ ತೊಲೆಗಳ ಆಸರೆ ಕೊಟ್ಟು ಜಾಕ್‌ನಿಂದ ಸ್ವಲ್ಪ ಸ್ವಲ್ಪವಾಗಿ ಎತ್ತುತ್ತಾರೆ. ಅವಸರಪಟ್ಟರೆ ಕಚ್ಚು ಸೀಳುತ್ತದೆ. ಭಾರ ಇಳಿದ ಬುಡದ ದಿಮ್ಮಿಯನ್ನು ಹೊರಗೆಳೆದು, ಅದೇ ಜಾತಿಯ, ಅದೇ ಗಾತ್ರದ ಒಣಮರವನ್ನು ಹಳೆಯ ಬಾಚಿಯ ಗುರುತಿಗೆ ಹೊಂದುವಂತೆ ಕೆತ್ತಿ ಕೂರಿಸುತ್ತಾರೆ. ಹೊರಮೈಯಷ್ಟೇ ಕೊಳೆತಿದ್ದರೆ ಅಷ್ಟನ್ನು ಕೊರೆದು ಮರದ ತೇಪೆ ಹಾಕಿದರೆ ಸಾಕು.

ಪೂರ್ತಿ ಬಿಚ್ಚುವುದು ಕೊನೆಯ ದಾರಿ. ಬಿಚ್ಚಲೇಬೇಕಾದರೆ ಪ್ರತಿ ದಿಮ್ಮಿಗೂ ನಂಬರು ಬೀಳಬೇಕು. ಬೀಳದಿದ್ದರೆ ಏನಾಗುತ್ತದೆಂದು ನೋಡಲು ಕೆಂಟಕಿಯ ಹಾಜೆನ್‌ವಿಲ್ ಬಳಿಯ ಗ್ರಾನೈಟ್ ಸ್ಮಾರಕದ 56 ಮೆಟ್ಟಿಲು ಹತ್ತಬೇಕು. ಅಬ್ರಹಾಂ ಲಿಂಕನ್ ಹುಟ್ಟಿದ ಮನೆಯೆಂದು ನಂಬಿ ಒಂದು ದಿಮ್ಮಿಮನೆಯನ್ನು ಅದರೊಳಗೆ ಇಟ್ಟರು. ಸ್ಮಾರಕ ಉದ್ಘಾಟನೆಯಾದದ್ದು 1911ರಲ್ಲಿ. ಅದಕ್ಕೂ ಮುನ್ನ ಬಿಚ್ಚಿದ ದಿಮ್ಮಿಗಳು ವಸ್ತುಪ್ರದರ್ಶನಗಳನ್ನು ಸುತ್ತಿ, ಇನ್ನೊಂದು ಮನೆಯ ದಿಮ್ಮಿಗಳ ಜೊತೆ ಬೆರೆತುಹೋಗಿದ್ದವು. ಸ್ಮಾರಕದ ಅಳತೆಗೆ ಹೊಂದಲೆಂದು ಮನೆಯನ್ನೂ ಕತ್ತರಿಸಿ ಚಿಕ್ಕದು ಮಾಡಿದರು. 2004ರಲ್ಲಿ ಮರದ ಉಂಗುರಗಳನ್ನು ಪರೀಕ್ಷಿಸಿದಾಗ ಅಲ್ಲಿನ ಅತಿ ಹಳೆಯ ದಿಮ್ಮಿಯೂ 1848ರದೆಂದು ತಿಳಿಯಿತು.

ಲಿಂಕನ್ ಹುಟ್ಟಿದ್ದು 1809ರಲ್ಲಿ.