ಕೊಳದ ತುಂಬ ಗಿಡ, ಆದ್ರೂ ಮೀನಿಗೆ ಉಸಿರಿಲ್ಲ!

ಹಿತ್ತಲಲ್ಲಿ ಕೊಯ್ ಮೀನಿನ ಕೊಳ ಮಾಡಿದ್ದೀರಾ? ಹಾಗಾದ್ರೆ ಒಂದ್ಸಲ ಬೆಳಗ್ಗೆ 5.30ಕ್ಕೆ ಎದ್ದು ನೋಡಿ. ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡ್ತಿದ್ರೆ ಹಸಿವು ಅಂದ್ಕೋಬೇಡಿ. ಹೆಚ್ಚಾಗಿ ಅದು ಆಕ್ಸಿಜನ್ ಸಾಲದೆ ಒದ್ದಾಡೋದು.

‘ಇಷ್ಟೊಂದು ಗಿಡ ಇದೆಯಲ್ಲ, ಆಕ್ಸಿಜನ್‌ಗೇನು ಕೊರತೆ?’ ಅಂತೀರಿ. ನೀರೊಳಗಿನ ಗಿಡ, ಪಾಚಿ ಆಕ್ಸಿಜನ್ ಕೊಡೋದು ಬೆಳಕಿದ್ದಾಗ ಮಾತ್ರ. ಕತ್ತಲಾದ ಮೇಲೆ ಅವೂ ಮೀನಿನ ಹಾಗೆ ಅದನ್ನೇ ಬಳಸುತ್ತವೆ. ಹೀಗಾಗಿ ಸೂರ್ಯ ಹುಟ್ಟೋ ಹೊತ್ತಿಗೆ ನೀರಲ್ಲಿ ಆಕ್ಸಿಜನ್ ತೀರಾ ಕಮ್ಮಿ ಆಗಿರುತ್ತೆ. ಬೇಸಿಗೆಯಲ್ಲಿ ಇನ್ನೂ ಕಷ್ಟ, ನೀರು ಬಿಸಿಯಾದಷ್ಟೂ ಅದರಲ್ಲಿ ಕರಗೋ ಆಕ್ಸಿಜನ್ ಕಡಿಮೆ. ಅಂತರಗಂಗೆ ಪೂರ್ತಿ ಹಬ್ಬಿದ್ರಂತೂ ನೀರಿಗೆ ಗಾಳಿಯೇ ಸರಿಯಾಗಿ ತಾಗಲ್ಲ. ಅರ್ಧ ಕೊಳವಾದ್ರೂ ಖಾಲಿ ಇರಲಿ. ಕಿತ್ತಿದ್ದನ್ನ ಕೆರೆಗೆ ಎಸೀಬೇಡಿ, ಗೊಬ್ಬರದ ಗುಂಡಿಗೆ ಹಾಕಿ. ನೈದಿಲೆ ಇಟ್ಟರೆ ಕುಂಡದ ಮೇಲೆ ದಪ್ಪ ಕಲ್ಲು ಹೇರಿ. ಕೊಯ್ ನೋಡೋಕೆ ಚೆಂದ, ಆದ್ರೆ ಮಣ್ಣು ಕೆದಕೋ ಕಾರ್ಪ್ ಜಾತಿನೇ.

ಕರೆಂಟ್ ಉಳಿಸೋಕೆ ರಾತ್ರಿ ಏರ್ ಪಂಪ್ ಆಫ್ ಮಾಡೋರಿದ್ದಾರೆ. ಪಂಪ್ ಬೇಕಾಗಿರೋದೇ ರಾತ್ರಿ! ಬೆಳಗಿನ ಜಾವ ಕರೆಂಟ್ ಹೋಯ್ತಾ? ಕೊಳದ ನೀರನ್ನೇ ಬಕೆಟ್‌ನಲ್ಲಿ ಮೊಗೆದು ಎತ್ತರದಿಂದ ಸುರೀತಾ ಇರಿ. ಗಾಬರಿಯಲ್ಲಿ ನಲ್ಲಿ ನೀರು ಬಿಡಬೇಡಿ, ಅದರಲ್ಲಿರೋ ಕ್ಲೋರಿನ್ ಮೀನಿನ ಕಿವಿರು ಸುಡುತ್ತೆ.