ಟರ್ಬೊ ಎಂಜಿನ್ನಿನ ಇಂಟೇಕ್ ಮ್ಯಾನಿಫೋಲ್ಡ್ ತಿರುಗಿಸಿದರೆ ಏನಾಗುತ್ತದೆ?

ಮಣಿಪಾಲದಿಂದ ಪರ್ಕಳ, ಹಿರಿಯಡಕ ಮಾರ್ಗವಾಗಿ ಕಾರ್ಕಳಕ್ಕೆ ಹೋಗುವ ಬಸ್ಸು ಏರು ಹತ್ತುವಾಗ ಎಂಜಿನ್ನಿನ ಗುಡುಗಿನ ಜೊತೆಗೆ ಒಂದು ಸಣ್ಣ ಸಿಳ್ಳೂ ಕೇಳಿಸುವುದುಂಟು. ಅದು ಟರ್ಬೊಚಾರ್ಜರಿನ ಸದ್ದು. ಹೊರಹೋಗುವ ಹೊಗೆಯ ರಭಸಕ್ಕೆ ಒಂದು ಪುಟ್ಟ ಚಕ್ರ ತಿರುಗುತ್ತದೆ; ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರ ಒಳಬರುವ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಮಾಡಿಸಿದ ಈ ಉಪಾಯ ಈಗ ಸಣ್ಣ ಪೆಟ್ರೋಲ್ ಕಾರುಗಳಿಗೂ ಬಂದಿದೆ. 2017ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ನೆಕ್ಸಾನ್‌ನ 1.2 ಲೀಟರ್ ಪೆಟ್ರೋಲ್ ಎಂಜಿನ್ನು ಟರ್ಬೊ ಎಂಜಿನ್ನೇ. ಇಂಥ ಕಾರುಗಳು ಹೆಚ್ಚಿದಂತೆ ಅವನ್ನು ಬಿಚ್ಚಿ ಬದಲಾಯಿಸುವ ಗೀಳೂ ಹೆಚ್ಚಿದೆ. ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳಲ್ಲಿ ಒಂದು ಹೀಗಿದೆ: "ಸರ್, ಇಂಟೇಕ್ ಮ್ಯಾನಿಫೋಲ್ಡನ್ನು ಹಿಂದುಮುಂದಾಗಿ ಕೂರಿಸಿದರೆ ಪವರ್ ಜಾಸ್ತಿ ಆಗುತ್ತದಂತೆ, ಹೌದಾ?" ಪ್ರಶ್ನೆ ಗ್ಯಾರೇಜಿನದು. ಉತ್ತರಕ್ಕೆ ಪಿ.ಯು.ಸಿ. ಭೌತಶಾಸ್ತ್ರ ಸಾಕು.

ಮೊದಲು ಭಾಗಗಳ ಪರಿಚಯ. ಟರ್ಬೊ ಒತ್ತಿದ ಗಾಳಿ ಬಿಸಿಯಾಗಿರುತ್ತದೆ. ಅದು ಇಂಟರ್‌ಕೂಲರ್ ಎಂಬ ತಂಪುಕಾರಕದ ಮೂಲಕ ಸಾಗಿ, ಆಕ್ಸಿಲರೇಟರಿಗೆ ಹೊಂದಿಕೊಂಡು ತೆರೆದು ಮುಚ್ಚುವ ಥ್ರಾಟಲ್ ಕವಾಟವನ್ನು ದಾಟಿ, ಒಂದು ಗಾಳಿಪೆಟ್ಟಿಗೆಯನ್ನು ಸೇರುತ್ತದೆ. ಅಲ್ಲಿಂದ ಒಂದೊಂದು ಸಿಲಿಂಡರಿಗೆ ಒಂದೊಂದು ಕವಲುಕೊಳವೆ. ಗಾಳಿಪೆಟ್ಟಿಗೆ ಮತ್ತು ಕವಲುಗಳು ಸೇರಿದ್ದೇ ಇಂಟೇಕ್ ಮ್ಯಾನಿಫೋಲ್ಡ್. ಅದನ್ನು ತಿರುಗಿಸುವುದೆಂದರೆ ಥ್ರಾಟಲಿನ ಬಾಯಿ ಹಿಂದಕ್ಕಿದ್ದರೆ ಮುಂದಕ್ಕೆ ಬರುವಂತೆ ಕೂರಿಸುವುದು.

ಈ ಮಾರ್ಪಾಡು ಹೆಸರು ಮಾಡಿದ್ದು ಜಪಾನಿನ ಸುಬಾರು ಕಾರುಗಳಲ್ಲಿ. 1992ರಲ್ಲಿ ಬಂದ ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್ ಕಾರಿನ 1994 ಘನ ಸೆಂ.ಮೀ. ಎಂಜಿನ್ನಿನಲ್ಲಿ ಸಿಲಿಂಡರುಗಳು ನಿಂತಿಲ್ಲ, ಮಲಗಿವೆ: ಎರಡು ಎಡಕ್ಕೆ, ಎರಡು ಬಲಕ್ಕೆ. ಟರ್ಬೊ ಎಂಜಿನ್ನಿನ ಹಿಂಬದಿಯಲ್ಲಿದೆ. ಇಂಟರ್‌ಕೂಲರ್ ಎಂಜಿನ್ನಿನ ಮೇಲೆಯೇ ಇದೆ. ಬಾನೆಟ್ಟಿನ ಮೇಲಿನ ಗೂಡಿನಂಥ ಕಿಂಡಿಯಿಂದ ಅದಕ್ಕೆ ಗಾಳಿ. ಥ್ರಾಟಲಿನ ಬಾಯಿ ಹಿಂದಕ್ಕೆ. ಟರ್ಬೊ, ಇಂಟರ್‌ಕೂಲರ್, ಥ್ರಾಟಲ್ ಮೂರೂ ಅಕ್ಕಪಕ್ಕದಲ್ಲಿರುವುದರಿಂದ ಕೊಳವೆ ತೀರಾ ಗಿಡ್ಡ. ಕಾರ್ಖಾನೆಯವರ ಈ ಜೋಡಣೆಯಲ್ಲಿ ಜಾಣತನವಿದೆ. ತೊಂದರೆ ಶುರುವಾಗುವುದು ಹೆಚ್ಚು ತಂಪಿನ ಆಸೆಗೆ ದೊಡ್ಡ ಇಂಟರ್‌ಕೂಲರನ್ನು ಕಾರಿನ ಮೂತಿಗೆ ಕಟ್ಟಿದಾಗ. ಗಾಳಿ ಆಗ ಹಿಂದಿನಿಂದ ಮುಂದಕ್ಕೆ ಬಂದು, ತಂಪಾಗಿ, ಮತ್ತೆ ಎಂಜಿನ್ನನ್ನು ಬಳಸಿಕೊಂಡು ಹಿಂದಿನ ಬಾಯಿಗೆ ಹೋಗಬೇಕು. ಬಾಯಿಯನ್ನೇ ಮುಂದಕ್ಕೆ ತಿರುಗಿಸಿದರೆ ಈ ವಾಪಸು ಪ್ರಯಾಣ ಉಳಿಯುತ್ತದೆ.

ಆದರೆ ಮ್ಯಾನಿಫೋಲ್ಡನ್ನು ಹಾಗೆ ತಿರುಗಿಸಿದರೆ ಅದು ಕೂರುವುದಾದರೂ ಹೇಗೆ? ಇಲ್ಲಿ ಸಮಮಿತಿಯ ಒಂದು ಸೊಗಸಾದ ಪಾಠವಿದೆ. ಮಲಗಿದ ಎಂಜಿನ್ನಿನಲ್ಲಿ ಎಡದ ಸಿಲಿಂಡರುಗಳು ಬಲದವುಗಳಿಗೆ ನೇರ ಎದುರಾಗಿರುವುದಿಲ್ಲ, ಸ್ವಲ್ಪ ಸರಿದಿರುತ್ತವೆ. ಪ್ರತಿಯೊಂದು ಪಿಸ್ಟನ್ನಿಗೂ ಕ್ರ್ಯಾಂಕಿನಲ್ಲಿ ತನ್ನದೇ ಜಾಗ ಬೇಕಲ್ಲ. ಮೇಲಿನಿಂದ ನೋಡಿ ಚಿತ್ರ ಬರೆಯಿರಿ: ಎಡಬದಿಯಲ್ಲಿ 0 ಮತ್ತು 2ನೇ ಗೆರೆಗಳ ಮೇಲೆ ಚುಕ್ಕಿ, ಬಲಬದಿಯಲ್ಲಿ 1 ಮತ್ತು 3ನೇ ಗೆರೆಗಳ ಮೇಲೆ ಚುಕ್ಕಿ. ಈ ಚಿತ್ರಕ್ಕೆ ಕನ್ನಡಿ ಸಮಮಿತಿ ಇಲ್ಲ. ಕಾಗದವನ್ನು ಮೇಜಿನ ಮೇಲೆಯೇ 180 ಡಿಗ್ರಿ ತಿರುಗಿಸಿ. ಚುಕ್ಕಿಗಳು ಮತ್ತೆ ಅವೇ ಸ್ಥಾನಗಳಿಗೆ ಬಂದು ನಿಲ್ಲುತ್ತವೆ. ಕನ್ನಡಿ ಸಮಮಿತಿ ಇಲ್ಲದಿದ್ದರೂ ಭ್ರಮಣ ಸಮಮಿತಿ ಇರುವುದರಿಂದಲೇ ನಾಲ್ಕೂ ಕವಲುಗಳು ನಾಲ್ಕೂ ರಂಧ್ರಗಳಿಗೆ ಹೊಂದುತ್ತವೆ. ನಮ್ಮಲ್ಲಿ ಸಾಮಾನ್ಯವಾಗಿರುವ, ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತ ಎಂಜಿನ್ನಿನಲ್ಲಿ ಮ್ಯಾನಿಫೋಲ್ಡ್ ಒಂದು ಪಕ್ಕಕ್ಕೆ ಅಂಟಿಕೊಂಡಿರುತ್ತದೆ. ಅಲ್ಲಿ ಹಿಂದುಮುಂದು ಮಾಡಲು ಹೊರಟರೆ ಮೇಲುಕೆಳಗೂ ಆಗಿಬಿಡುತ್ತದೆ. ಇಂಧನ ಸಿಂಪಡಿಸುವ ಇಂಜೆಕ್ಟರುಗಳು ಕೆಳಕ್ಕೆ ಹೋಗುತ್ತವೆ, ಬೋಲ್ಟುಗಳು ಹೊಂದುವ ಭರವಸೆ ಇಲ್ಲ. ಹಾಗಾಗಿ ಅಲ್ಲಿ ಕೆಲವರು ಪೆಟ್ಟಿಗೆಯ ಒಂದು ತುದಿ ಮುಚ್ಚಿ ಇನ್ನೊಂದು ತುದಿ ಕೊರೆಯುತ್ತಾರೆ. ಅದರ ಪರಿಣಾಮವನ್ನು ಮುಂದೆ ನೋಡೋಣ.

ಈಗ ಲೆಕ್ಕ. ಕೊಳವೆಯ ಒಳವ್ಯಾಸ 6 ಸೆಂ.ಮೀ. ಎಂದುಕೊಳ್ಳಿ. ಅಡ್ಡಕೊಯ್ತದ ವಿಸ್ತೀರ್ಣ 28.3 ಚದರ ಸೆಂ.ಮೀ.; ಒಂದು ಮೀಟರ್ ಕೊಳವೆಯ ಗಾತ್ರ 2.8 ಲೀಟರ್. ತಿರುಗಿಸಿದ್ದರಿಂದ ಒಂದು ಮೀಟರ್ ಉಳಿಯಿತು ಎನ್ನೋಣ. ನೀವು ಆಕ್ಸಿಲರೇಟರ್ ತುಳಿದಾಗ ಕೊಳವೆಯೊಳಗಿನ ಒತ್ತಡ ಒಂದು ವಾಯುಭಾರದಿಂದ ಎರಡಕ್ಕೆ ಏರಬೇಕು. ಅಂದರೆ ಉಳಿಸಿದ ಆ ಒಂದು ಮೀಟರಿಗೆ ತುಂಬಬೇಕಾಗಿದ್ದ ಹೊರಗಿನ ಗಾಳಿ ಮತ್ತೆ 2.8 ಲೀಟರ್. ಎಂಜಿನ್ ಹೀರಿದ ಮೇಲೂ ಟರ್ಬೊ ಸೆಕೆಂಡಿಗೆ ಸರಾಸರಿ 20 ಲೀಟರ್ ಹೆಚ್ಚುವರಿ ಗಾಳಿ ಕೊಡುತ್ತಿದ್ದರೆ, ಉಳಿದ ಕಾಲ 0.14 ಸೆಕೆಂಡ್. (ಉಷ್ಣತೆಯ ಬದಲಾವಣೆಯನ್ನು ಇಲ್ಲಿ ಬಿಟ್ಟಿದ್ದೇವೆ.) ಉಡುಪಿಯಿಂದ ಕಾಪುವಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಗಂಟೆಗೆ 80 ಕಿ.ಮೀ. ವೇಗದ ಕಾರು ಅಷ್ಟು ಹೊತ್ತಿನಲ್ಲಿ 3 ಮೀಟರ್ ಸಾಗುತ್ತದೆ. ರ‍್ಯಾಲಿ ಓಡಿಸುವವರಿಗೆ ಇದು ಮುಖ್ಯ. ಕಾಲಿನಡಿ ಎಂಜಿನ್ ಬೇಗ ಸ್ಪಂದಿಸಿದಂತೆ ಅವರಿಗೆ ಅನ್ನಿಸುವುದು ಭ್ರಮೆಯಲ್ಲ. ಆದರೆ ಟರ್ಬೊ ತಡವಾಗುವುದಕ್ಕೆ ದೊಡ್ಡ ಕಾರಣ ಅದರ ಚಕ್ರದ ಜಡತ್ವ. ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗಬೇಕಾದ ಚಕ್ರ ವೇಗ ಹಿಡಿಯಬೇಕಲ್ಲ! ಮ್ಯಾನಿಫೋಲ್ಡ್ ಯಾವ ದಿಕ್ಕಿಗಿದ್ದರೂ ಆ ಪಾಲು ಬದಲಾಗದು.

ಇನ್ನು ಪವರಿನ ಮಾತು. 2 ಲೀಟರ್ ಎಂಜಿನ್ ಎರಡು ಸುತ್ತಿಗೆ 2 ಲೀಟರ್ ಗಾಳಿ ಹೀರುತ್ತದೆ. ನಿಮಿಷಕ್ಕೆ 6000 ಸುತ್ತಿನಲ್ಲಿ ಅದು ಸೆಕೆಂಡಿಗೆ 100 ಲೀಟರ್. ನಮ್ಮ ಕೊಳವೆಯಲ್ಲಿ ಇದರ ವೇಗ ಸೆಕೆಂಡಿಗೆ 35 ಮೀಟರ್. ಎರಡು ವಾಯುಭಾರ, 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 2.1 ಕಿ.ಗ್ರಾಂ. ಅರ್ಧ ಸಾಂದ್ರತೆಯನ್ನು ವೇಗದ ವರ್ಗದಿಂದ ಗುಣಿಸಿದರೆ ಸುಮಾರು 1300 ಪಾಸ್ಕಲ್. ಒಂದು ಮೀಟರ್ ನಯವಾದ ಕೊಳವೆಯ ಘರ್ಷಣೆಗೆ ಇದರ ಮೂರನೇ ಒಂದು ಪಾಲು, ಹದವಾದ ಒಂದೊಂದು ಬಾಗಿಗೆ ಸುಮಾರು ಐದರಲ್ಲಿ ಎರಡು ಪಾಲು ನಷ್ಟ. ಒಂದು ಮೀಟರ್ ಕೊಳವೆ, ಎರಡು ಬಾಗು ಉಳಿಸಿದರೆ ಒಟ್ಟು ಲಾಭ 1500 ಪಾಸ್ಕಲ್. ಎರಡು ವಾಯುಭಾರವೆಂದರೆ ಎರಡು ಲಕ್ಷ ಪಾಸ್ಕಲ್. ಲಾಭ ಶೇಕಡಾ 1ಕ್ಕೂ ಕಡಿಮೆ. ಅದರಲ್ಲೂ ಒತ್ತಡವನ್ನು ಮಿತಿಗೊಳಿಸುವ ವೇಸ್ಟ್‌ಗೇಟ್ ಕವಾಟ ಮ್ಯಾನಿಫೋಲ್ಡಿನ ಒತ್ತಡ ನೋಡಿಕೊಂಡು ಕೆಲಸ ಮಾಡುತ್ತಿದ್ದರೆ ಎಂಜಿನ್ನಿಗೆ ಸಿಗುವ ಒತ್ತಡ ಮೊದಲಿನಷ್ಟೇ. ಟರ್ಬೊದ ಶ್ರಮ ಮಾತ್ರ ತುಸು ಕಡಿಮೆ.

ಹೋಲಿಕೆಗೆ ನಮ್ಮ ಕರಾವಳಿಯ ಹವೆಯನ್ನೇ ನೋಡಿ. 32 ಡಿಗ್ರಿಯಲ್ಲಿ ನೀರಾವಿಯ ಪರ್ಯಾಪ್ತ ಒತ್ತಡ 4760 ಪಾಸ್ಕಲ್. ಕಾಪುವಿನ ದೀಪಸ್ತಂಭದ ಬುಡದಲ್ಲಿ ಸಾಪೇಕ್ಷ ಆರ್ದ್ರತೆ ಶೇಕಡಾ 80 ಇದ್ದರೆ, ನಾವು ಉಸಿರಾಡುವ ಗಾಳಿಯಲ್ಲಿ 3800 ಪಾಸ್ಕಲ್ ಬರೀ ನೀರಾವಿಯದು. ದಹನಕ್ಕೆ ಉಪಯೋಗವಿಲ್ಲದ ಈ ಆವಿ ಶೇಕಡಾ 3.8ರಷ್ಟು ಜಾಗ ತಿನ್ನುತ್ತದೆ. ಬಾಗು ತೆಗೆದು ಗಳಿಸಿದ್ದರ ನಾಲ್ಕೈದು ಪಟ್ಟನ್ನು ಸಮುದ್ರ ಬಿಟ್ಟಿಯಾಗಿ ಕಸಿದುಕೊಳ್ಳುತ್ತದೆ!

ಹಾಗಾದರೆ ಮೂತಿಗೆ ಇಂಟರ್‌ಕೂಲರ್ ಕಟ್ಟಿ ಮ್ಯಾನಿಫೋಲ್ಡ್ ತಿರುಗಿಸಿದವರ ಕಾರು ಚುರುಕಾಯಿತು ಎನ್ನುವುದು ಸುಳ್ಳೆ? ಅಲ್ಲ, ಶ್ರೇಯಸ್ಸು ಸಲ್ಲಬೇಕಾದ್ದು ಬೇರೆಯದಕ್ಕೆ. ಸೈಕಲ್ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಮುಟ್ಟಿ ನೋಡಿದ್ದೇವೆ. 32 ಡಿಗ್ರಿಯ ಗಾಳಿಯನ್ನು ಎರಡು ವಾಯುಭಾರಕ್ಕೆ ಒತ್ತಿದರೆ, ಟರ್ಬೊದ ದಕ್ಷತೆ ಶೇಕಡಾ 70 ಎಂದು ಹಿಡಿದರೂ ಉಷ್ಣತೆ 127 ಡಿಗ್ರಿಗೆ, ಅಂದರೆ 400 ಕೆಲ್ವಿನ್‌ಗೆ ಏರುತ್ತದೆ. ಒಳ್ಳೆಯ ಇಂಟರ್‌ಕೂಲರ್ ಅದನ್ನು 60 ಡಿಗ್ರಿಗೆ, 333 ಕೆಲ್ವಿನ್‌ಗೆ ಇಳಿಸಿದರೆ ಸಾಂದ್ರತೆ ಶೇಕಡಾ 20 ಹೆಚ್ಚುತ್ತದೆ. ಕಾರ್ಕಳದಿಂದ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುವ ಸಂದರ್ಭ ತೆಗೆದುಕೊಳ್ಳಿ. ಕಾರಿನ ವೇಗ ಕಡಿಮೆ, ಎಂಜಿನ್ನಿನ ಶ್ರಮ ಹೆಚ್ಚು. ಎಂಜಿನ್ನಿನ ಮೇಲೆ ಕುಳಿತ ಇಂಟರ್‌ಕೂಲರಿಗೆ ಮೇಲಿನಿಂದ ಗಾಳಿ ಸಾಲದು, ಕೆಳಗಿನಿಂದ ಕಾವು. ಗಾಳಿ 60ರ ಬದಲು 75 ಡಿಗ್ರಿಯಲ್ಲಿ ಒಳಹೋದರೆ ಸಾಂದ್ರತೆಯಲ್ಲಿ ಶೇಕಡಾ 4ಕ್ಕೂ ಹೆಚ್ಚು ನಷ್ಟ. ಬಿಸಿ ಗಾಳಿಯಿಂದ ಪೆಟ್ರೋಲ್ ಎಂಜಿನ್ನಿನಲ್ಲಿ 'ನಾಕಿಂಗ್' ಎಂಬ ಅಕಾಲ ದಹನದ ಬಡಿತವೂ ಬೇಗ. ಮೂತಿಯಲ್ಲಿರುವ ಇಂಟರ್‌ಕೂಲರಿಗೆ ಈ ಬಾಧೆ ಕಡಿಮೆ. ಲಾಭ ಬಂದದ್ದು ಇಂಟರ್‌ಕೂಲರಿನ ಜಾಗದಿಂದ. ಆ ಜಾಗಕ್ಕಾಗಿ ತೆರಬೇಕಾದ ಕೊಳವೆಯ ಉದ್ದವನ್ನು ಮ್ಯಾನಿಫೋಲ್ಡ್ ತಿರುಗಿಸಿದ್ದು ಕಡಿಮೆ ಮಾಡಿತು, ಅಷ್ಟೆ. ಇಂಟರ್‌ಕೂಲರನ್ನು ಅಲುಗಿಸದೆ ಬರೀ ಮ್ಯಾನಿಫೋಲ್ಡ್ ತಿರುಗಿಸಿದರೆ ಕೊಳವೆ ಉದ್ದವಾಗಿ ನಷ್ಟವೇ ಆದೀತು.

ಕವಲುಗಳ ಉದ್ದ ಬದಲಾಗದ್ದರಿಂದ ಅವುಗಳಲ್ಲಿ ಓಡಾಡುವ ಒತ್ತಡದ ಅಲೆಗಳ ಅನುರಣನೆಯೂ ಮೊದಲಿನಂತೆಯೇ ಇರುತ್ತದೆ.

ನಿಜವಾಗಿ ಎಚ್ಚರ ಬೇಕಾದ್ದು ಗಾಳಿಯ ಹಂಚಿಕೆಯಲ್ಲಿ. ಕಾರ್ಕಳದ ಕಡೆಯ ಅಡಿಕೆ ತೋಟಗಳಲ್ಲಿ ತುಂತುರು ನೀರಾವರಿಯ ಪೈಪು ನೋಡಿದವರಿಗೆ ಗೊತ್ತು, ಪಂಪಿನಿಂದ ದೂರದ ಜೆಟ್ಟಿಗೆ ರಭಸ ಕಡಿಮೆ. ಅದೇ ರೀತಿ ಥ್ರಾಟಲಿಗೆ ದೂರದ ಸಿಲಿಂಡರಿಗೂ ಗಾಳಿ ಕಡಿಮೆ ಎಂದು ವಿದ್ಯಾರ್ಥಿಗಳು ತಟ್ಟನೆ ಹೇಳುತ್ತಾರೆ. ಅನೇಕ ಬಾರಿ ಆಗುವುದು ಇದಕ್ಕೆ ತದ್ವಿರುದ್ಧ. ತೋಟದ ಪೈಪು ನೂರಾರು ಅಡಿ ಉದ್ದ, ಅಲ್ಲಿ ಘರ್ಷಣೆಯದೇ ಆಟ. ಗಾಳಿಪೆಟ್ಟಿಗೆ ಮೊಣಕೈಯಷ್ಟು ಉದ್ದ, ಘರ್ಷಣೆ ನಗಣ್ಯ. ರಭಸದಿಂದ ನುಗ್ಗಿದ ಗಾಳಿ ಹತ್ತಿರದ ಕವಲಿನ ಬಾಯಿಯನ್ನು ದಾಟಿ ಹೋಗಿ ಮುಚ್ಚಿದ ತುದಿಯಲ್ಲಿ ನಿಧಾನಿಸುತ್ತದೆ. ಬರ್ನೂಲಿ ತತ್ತ್ವದಂತೆ ವೇಗ ಇಳಿದಲ್ಲಿ ಒತ್ತಡ ಏರುತ್ತದೆ, ಆ ತುದಿಯ ಸಿಲಿಂಡರಿಗೆ ಪಾಲು ಹೆಚ್ಚು. ಇದನ್ನು ಸರಿದೂಗಿಸಲು ಪೆಟ್ಟಿಗೆಯನ್ನು ಥ್ರಾಟಲಿನ ಕಡೆ ಅಗಲವಾಗಿ, ಕೊನೆಯಲ್ಲಿ ಕಿರಿದಾಗಿ ಮಾಡುವುದುಂಟು. ಹಾಗಿರುವ ಪೆಟ್ಟಿಗೆಯ ಕಿರಿದಾದ ತುದಿಯನ್ನು ಕೊರೆದು ಥ್ರಾಟಲ್ ಕೂರಿಸಿದರೆ, ಗಾಳಿ ಕಿರಿದರಿಂದ ಅಗಲಕ್ಕೆ ಹೋಗಿ ಒತ್ತಡದ ವ್ಯತ್ಯಾಸ ಇನ್ನಷ್ಟು ಹೆಚ್ಚುತ್ತದೆ. ಮೇಲೆ ಹೇಳಿದ ಕೊರೆಯುವ ಕೆಲಸದ ಅಪಾಯ ಇದು. ಇಡೀ ಮ್ಯಾನಿಫೋಲ್ಡನ್ನು ತಿರುಗಿಸಿದರೆ ಒಳಗಿನ ಆಕಾರ ಕೆಡುವುದಿಲ್ಲ, ಆದರೆ ಮುಂದಿನ ಸಿಲಿಂಡರಿನ ಪಾಲು ಹಿಂದಿನದಕ್ಕೆ ಹೋಗುತ್ತದೆ. ಸಿಲಿಂಡರುವಾರು ತಿದ್ದುಪಡಿಗಳನ್ನು ಕಾರ್ಖಾನೆ ಎಂಜಿನ್ನಿನ ಗಣಕದಲ್ಲಿ ಬರೆದಿಟ್ಟಿದ್ದರೆ ಅವು ಈಗ ತಪ್ಪು ವಿಳಾಸಕ್ಕೆ ತಲುಪುತ್ತವೆ.

ಶೇಕಡಾ 5ರ ಹೆಚ್ಚುಕಡಿಮೆ ದೊಡ್ಡದೆ? ಪೂರ್ಣ ಶಕ್ತಿಯಲ್ಲಿ ಗಾಳಿ ಮತ್ತು ಪೆಟ್ರೋಲಿನ ತೂಕದ ಅನುಪಾತ 12ಕ್ಕೆ 1 ಇರಲೆಂದು ಗಣಕವನ್ನು ಹೊಂದಿಸಿದ್ದಾರೆ ಎನ್ನಿ. ಎಲ್ಲ ಸಿಲಿಂಡರುಗಳಿಗೂ ಪೆಟ್ರೋಲ್ ಸಮ. ಶೇಕಡಾ 5 ಹೆಚ್ಚು ಗಾಳಿ ಪಡೆದದ್ದರಲ್ಲಿ ಅನುಪಾತ 12.6, ಕಡಿಮೆ ಪಡೆದದ್ದರಲ್ಲಿ 11.4. ಹೊಗೆಕೊಳವೆಯಲ್ಲಿರುವ ಆಮ್ಲಜನಕ ಸಂವೇದಕ ನೋಡುವುದು ಎಲ್ಲವೂ ಬೆರೆತ ಹೊಗೆಯನ್ನು. ಅದು 12 ಎಂದು ವರದಿ ಮಾಡುತ್ತದೆ. ತರಗತಿಯ ಸರಾಸರಿ ಅಂಕ ಚೆನ್ನಾಗಿರುವಾಗ ಹಿಂದಿನ ಬೆಂಚಿನ ಹುಡುಗನ ಕಷ್ಟ ಕಾಣದಂತೆ. ಹೆಚ್ಚು ಗಾಳಿ, ಕಡಿಮೆ ಪೆಟ್ರೋಲಿನ ಆ ಸಿಲಿಂಡರು ಉಳಿದವಕ್ಕಿಂತ ಬಿಸಿಯಾಗಿ ನಾಕಿಂಗ್ ಶುರುವಾದರೆ ಪಿಸ್ಟನ್ನಿನ ಅಲ್ಯುಮಿನಿಯಂ ಅಂಚು ಕರಗಿ ಒಡೆಯಬಲ್ಲದು. ಒಂದು ಪಿಸ್ಟನ್ನಿಗಾಗಿ ಇಡೀ ಎಂಜಿನ್ ಬಿಚ್ಚಬೇಕು.

ಇದನ್ನು ನಿಯಮಬದ್ಧವಾಗಿ ಕಲಿಯುವ ದಾರಿ ನಮ್ಮ ಜಿಲ್ಲೆಯಲ್ಲೇ ಇದೆ. ಮಣಿಪಾಲದ ಎಂಜಿನಿಯರಿಂಗ್ ವಿದ್ಯಾರ್ಥಿಗಳ 'ಫಾರ್ಮುಲಾ ಮಣಿಪಾಲ್' ತಂಡದಂಥವು ಪಾಲ್ಗೊಳ್ಳುವ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಲ್ಲಿ, ಪೆಟ್ರೋಲ್ ಎಂಜಿನ್ನಿನ ಗಾಳಿಯೆಲ್ಲ 20 ಮಿ.ಮೀ. ವ್ಯಾಸದ ಒಂದೇ ಕಂಠದ ಮೂಲಕ ಹೋಗಬೇಕೆಂಬ ನಿಯಮವಿದೆ. ಆ ಕಂಠದಲ್ಲಿ ಗಾಳಿಯ ವೇಗ ಶಬ್ದದ ವೇಗವನ್ನು ಮುಟ್ಟಿದ ಮೇಲೆ ಎಷ್ಟೇ ಹೀರಿದರೂ ಸೆಕೆಂಡಿಗೆ ಸುಮಾರು 74 ಗ್ರಾಂಗಿಂತ ಹೆಚ್ಚು ಒಳಬಾರದು. ಇಷ್ಟು ಗಾಳಿಯನ್ನು ಸಿಲಿಂಡರುಗಳಿಗೆ ಸಮನಾಗಿ ಹಂಚುವ ಗಾಳಿಪೆಟ್ಟಿಗೆಯ ವಿನ್ಯಾಸ ಅಲ್ಲಿ ಪರೀಕ್ಷೆಯ ವಿಷಯವೇ ಆಗಿಬಿಡುತ್ತದೆ.

ರಸ್ತೆಯ ಕಾರಿನ ಮಾತು ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿಯ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗೆ ಭಿನ್ನವಾಗುವಂಥ ಮಾರ್ಪಾಡನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಸ್ಪರ್ಧೆಯ ಅಂಗಳಕ್ಕೆಂದೇ ಇಟ್ಟ ಕಾರಿನಲ್ಲಿ ಈ ಕೆಲಸ ಮಾಡುವವರು ನಾಲ್ಕೂ ಸಿಲಿಂಡರುಗಳ ಹೊಗೆಕೊಳವೆಗೆ ಒಂದೊಂದು ಉಷ್ಣಮಾಪಕ ಜೋಡಿಸಿ, ತಿರುಗಿಸುವ ಮೊದಲು ಮತ್ತು ನಂತರದ ಅಳತೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದು ಸಿಲಿಂಡರಿನ ಅಂಕಿ ಉಳಿದ ಮೂರರಿಂದ ದೂರ ಸರಿದಿದ್ದರೆ, ಡೈನಮೋಮೀಟರಿನಲ್ಲಿ ಪವರ್ ಎಷ್ಟೇ ಕಂಡರೂ ಇಂಧನದ ಹೊಂದಾಣಿಕೆ ಮುಗಿಯುವ ತನಕ ಆ ಕಾರನ್ನು ಪೂರ್ಣ ಒತ್ತಡದಲ್ಲಿ ಓಡಿಸಬಾರದು.